ಸಂಬಳವಿಲ್ಲದ ಇಂಟರ್ನ್‌ಗೆ ವಿಮೆ
ಲೇತ್‌ಗೆ ಕಾರ್ಮಿಕನ ಬೆರಳು ಸಿಕ್ಕಿ ತುಂಡಾದರೆ ಇಎಸ್‌ಐ ಇದೆ. ಅಪ್ರೆಂಟಿಸ್‌ಗೆ 1961ರ ಅಪ್ರೆಂಟಿಸ್ ಕಾಯ್ದೆಯ 16ನೇ ಸೆಕ್ಷನ್ ಮಾಲೀಕರಿಂದ ಪರಿಹಾರ ಕೊಡಿಸುತ್ತದೆ. ಅದೇ ಲೇತ್ ಮುಂದೆ ಅಂಕಕ್ಕಾಗಿ ಪುಕ್ಕಟೆ ದುಡಿಯುವ ಎಂಜಿನಿಯರಿಂಗ್ ವಿದ್ಯಾರ್ಥಿಯ ಗತಿಯೇನು? ಇಎಸ್‌ಐ ನಿಂತಿರುವುದೇ ಸಂಬಳದ ಮೇಲೆ. ಸಂಬಳವಿಲ್ಲದವರು ಅದರ ಲೆಕ್ಕಕ್ಕೇ ಬರುವುದಿಲ್ಲ. ‘ಅವರು ಕಲಿಯಲು ಬಂದವರು, ಕೆಲಸಗಾರರಲ್ಲ’ ಎನ್ನುವವರಿದ್ದಾರೆ. ಅಪ್ರೆಂಟಿಸ್ ಕೂಡ ಕಲಿಯಲು ಬಂದವನೇ ಅಲ್ಲವೇ? ಕೈ ಪಳಗದವರಿಗೇ ಅಪಾಯ ಹೆಚ್ಚು. ಖರ್ಚಿನ ನೆಪವೂ ನಿಲ್ಲದು: ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ ಕಟ್ಟಬೇಕಾದ್ದು 20 ರೂಪಾಯಿ, ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ಆದರೆ ಅದು ಆಸ್ಪತ್ರೆಯ ಬಿಲ್ ಕಟ್ಟುವುದಿಲ್ಲ. ಹಾಗಾಗಿ ಚಿಕಿತ್ಸೆಯೂ ಸೇರಿದ ಗುಂಪು ವಿಮೆಯೇ ಬೇಕು. ಇಂಟರ್ನ್‌ಶಿಪ್ ಕಡ್ಡಾಯ ಮಾಡಿದ ವಿಶ್ವವಿದ್ಯಾಲಯ ವಿಮೆಯನ್ನೂ ಕಡ್ಡಾಯ ಮಾಡಲಿ. ಪೋಷಕರೇ, ಮಕ್ಕಳನ್ನು ಕಳಿಸುವ ಮೊದಲು ಕಾಲೇಜಿನಲ್ಲಿ ಪಾಲಿಸಿ ಪ್ರತಿ ಕೇಳಿ.