ರಸೆಲ್ ಮಾರುಕಟ್ಟೆಯೂ ಮನೆಯ ಅಂತರಜಾಲವೂ

ಬೆಂಗಳೂರಿನ ದಂಡು ಪ್ರದೇಶವನ್ನು ನೋಡಬೇಕೆಂಬ ಕುತೂಹಲವುಳ್ಳವರು ಕಮರ್ಷಿಯಲ್ ರಸ್ತೆಯ ಬಟ್ಟೆಯಂಗಡಿಗಳನ್ನು ಕಂಡು ಹಿಂದಿರುಗುವುದು ವಾಡಿಕೆ. ಅಲ್ಲಿಂದ ಶಿವಾಜಿನಗರದ ಕಡೆಗೆ ಇನ್ನೂ ಸ್ವಲ್ಪ ದೂರ ನಡೆಯುವ ಶ್ರಮವನ್ನು ವಹಿಸಿದರೆ, ಸಂತ ಮೇರಿಯಮ್ಮನವರ ಬೆಸಿಲಿಕಾದ ಎತ್ತರವಾದ ಶಿಖರವೂ, ಅದರ ಸಮೀಪದಲ್ಲಿಯೇ ಕಮಾನುಗಳಿಂದಲೂ ಗೋಪುರಗಳಿಂದಲೂ ಕೂಡಿದ ಒಂದು ವಿಶಾಲವಾದ ಕಟ್ಟಡವೂ ಕಣ್ಣಿಗೆ ಬೀಳುವುವು. ಅದೇ ರಸೆಲ್ ಮಾರುಕಟ್ಟೆ. 1927ರಲ್ಲಿ ಇದನ್ನು ಕಟ್ಟಿಸಿದರು. ಆಗಿನ ಪುರಸಭೆಯ ಕಮಿಷನರಾಗಿದ್ದ ಟಿ. ಬಿ. ರಸೆಲ್ ಎಂಬವರ ಹೆಸರನ್ನು ಇದಕ್ಕೆ ಇಟ್ಟರು. 1933ರಲ್ಲಿ ಪ್ರಸಿದ್ಧ ವರ್ತಕರೂ ದಾನಿಗಳೂ ಆಗಿದ್ದ ಹಾಜಿ ಇಸ್ಮಾಯಿಲ್ ಸೇಟರು ಇದರ ಪ್ರಾರಂಭೋತ್ಸವವನ್ನು ನೆರವೇರಿಸಿದರು.

ದಂಡಿನ ಕಥೆ ಇದಕ್ಕಿಂತಲೂ ಹಳೆಯದು. ಶ್ರೀರಂಗಪಟ್ಟಣದ ಹವೆ ಸೈನಿಕರಿಗೆ ಒಗ್ಗದಿದ್ದುದರಿಂದ ಇಂಗ್ಲಿಷರು 1809ರಲ್ಲಿ ತಮ್ಮ ಪಾಳೆಯವನ್ನು ಇಲ್ಲಿಗೆ ತಂದರು. 1881ರಲ್ಲಿ ಸಂಸ್ಥಾನವು ಮೈಸೂರಿನ ಒಡೆಯರಿಗೆ ಹಿಂದಿರುಗಿದಾಗಲೂ ದಂಡು ಮಾತ್ರ ಇಂಗ್ಲಿಷರ ಕೈಯಲ್ಲಿಯೇ ಉಳಿಯಿತು. 1947ರ ಜುಲೈ ತಿಂಗಳಿನಲ್ಲಿ ಅದು ಸಂಸ್ಥಾನಕ್ಕೆ ಮರಳಿತು. 1949ರಲ್ಲಿ ಪೇಟೆಯ ಪುರಸಭೆಯೂ ದಂಡಿನ ಪುರಸಭೆಯೂ ಕೂಡಿ ಒಂದೇ ಪಾಲಿಕೆಯಾದುವು. ಅಲ್ಲಿಯವರೆಗೆ ಬೆಂಗಳೂರೆಂಬುದು ಒಂದೇ ಹೆಸರಿನ ಎರಡು ಊರುಗಳಾಗಿದ್ದಿತೆಂದರೆ ತಪ್ಪಿಲ್ಲ. ಶಿವಾಜಿನಗರಕ್ಕೆ ಬ್ಲ್ಯಾಕ್‌ಪಲ್ಲಿ ಎಂಬ ಹೆಸರಿದ್ದುದೂ ಆ ಕಾಲದಲ್ಲಿಯೇ. ಅದು ‘ಬಿಳಿ ಅಕ್ಕಿ ಪಳ್ಳಿ’ಯ ಅಪಭ್ರಂಶವೆಂದು ಹಿರಿಯರು ಹೇಳುವರು. ಬಿಳಿಯದು ಆಂಗ್ಲರ ನಾಲಗೆಯಲ್ಲಿ ಕಪ್ಪಾಯಿತೆಂಬುದು ವ್ಯಾಕರಣ ಓದಿದವರಿಗೆ ವಿನೋದದ ಸಂಗತಿ.

ಮಾರುಕಟ್ಟೆಯ ಒಳಗೆ ಹೋಗೋಣ. ಕಮಾನನ್ನು ದಾಟಿದೊಡನೆ ಒಂದು ಕಡೆ ಕೋಸು, ಬೀನ್ಸು, ನವಿಲುಕೋಸುಗಳ ರಾಶಿ; ಇನ್ನೊಂದು ಕಡೆ ಹಣ್ಣುಗಳನ್ನು ಒಂದರ ಮೇಲೊಂದು ಏರಿಸಿ ಕಟ್ಟಿದ ಬಣ್ಣದ ಗೋಪುರಗಳು. ರಂಜಾನಿನ ದಿನಗಳಲ್ಲಿ ಖರ್ಜೂರದ ಬಗೆಗಳನ್ನು ಎಣಿಸುವುದೇ ಒಂದು ಕೆಲಸ. ಮಾಂಸ, ಮೀನುಗಳ ಭಾಗವೂ ಉಂಟು. ನನ್ನಂಥ ಶಾಕಾಹಾರಿಗಳು ಅದನ್ನು ಬಳಸಿಕೊಂಡು ನಡೆಯುವರು. ಕನ್ನಡ, ತಮಿಳು, ದಖನಿ ಉರ್ದುಗಳಲ್ಲಿ ಒಂದೇ ಬಾಯಿ ಮೂರು ಸಲ ಬೆಲೆ ಕೂಗುವುದು. 2012ರ ಫೆಬ್ರವರಿ 25ರ ನಸುಕಿನಲ್ಲಿ ಇಲ್ಲಿ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಅಂಗಡಿಗಳು ನಾಶವಾದುವು. ಆದರೂ ವ್ಯಾಪಾರಿಗಳು ಸ್ಥಳವನ್ನು ಬಿಡಲಿಲ್ಲ. ಮಸಿಹಿಡಿದ ಗೋಡೆಗಳ ನಡುವೆಯೇ ಮತ್ತೆ ತಕ್ಕಡಿ ಹೂಡಿದರು.

ಈ ಮಾರುಕಟ್ಟೆಯಲ್ಲಿ ನನಗೆ ಬಹಳ ಮೆಚ್ಚಿಕೆಯಾದುದು ಕೊಳ್ಳುವವನಿಗಿರುವ ಗೌರವ. ಅವನು ಹಣ್ಣನ್ನು ಮೂಸಿ ನೋಡಬಹುದು, ಬೆಲೆ ಕೇಳಬಹುದು, ಮುಖ ಸಿಂಡರಿಸಬಹುದು. ಕಡೆಗೆ ಏನನ್ನೂ ಕೊಳ್ಳದೆ ಹತ್ತು ಹೆಜ್ಜೆ ನಡೆದರೆ ಮತ್ತೊಂದು ಅಂಗಡಿ ಸಿದ್ಧವಾಗಿರುವುದು. ಆ ಹತ್ತು ಹೆಜ್ಜೆಯ ಭಯದಿಂದಲೇ ಮೊದಲನೆಯವನು ಹಿಂದಿನಿಂದ ಕೂಗಿ ಕರೆಯುವನು. ಇದಕ್ಕೆ ಪ್ರತಿಯಾಗಿ ಮನೆಯ ನಲ್ಲಿಯನ್ನು ನೋಡಿ. ನೀರು ಬಾರದಿದ್ದರೆ ನಾವು ಬೇರೆ ನಲ್ಲಿಗೆ ಹೋಗಲಾರೆವು; ಕೊಳವೆ ಒಂದೇ. ಮನೆಗೆ ಬರುವ ಅಂತರಜಾಲವು ಈ ಎರಡರಲ್ಲಿ ಯಾವುದನ್ನು ಹೋಲುವುದು? ನಾಲ್ಕು ತಿಂಗಳು ಈ ಪ್ರಶ್ನೆ ನನ್ನನ್ನು ಕಾಡಿತು. ಅದಕ್ಕೆ ಸಮಾಧಾನ ದೊರೆತುದು ಇದೇ ಮಾರುಕಟ್ಟೆಯಲ್ಲಿ ಆದುದರಿಂದ ವಾಚಕರೊಡನೆ ಅದನ್ನು ಹಂಚಿಕೊಳ್ಳುತ್ತೇನೆ.

ದೂರದ ದೇಶಗಳೊಡನೆ ಕ್ಷಣಮಾತ್ರದಲ್ಲಿ ವ್ಯವಹರಿಸುವ ವಿದ್ಯೆಗೆ ಈ ನೆರೆಹೊರೆ ಹೊಸದಲ್ಲ. ಇಲ್ಲಿಗೆ ಹೆಚ್ಚು ದೂರವಲ್ಲದ ಮಿಲ್ಲರ್ಸ್ ರಸ್ತೆಯಲ್ಲಿ 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಅಮೆರಿಕದ ಕಂಪನಿ ಕಚೇರಿ ಹೂಡಿ, ಉಪಗ್ರಹದ ಮೂಲಕ ಕಡಲಾಚೆಗೆ ತನ್ನದೇ ಸಂಪರ್ಕವನ್ನು ಏರ್ಪಡಿಸಿಕೊಂಡಿತು. ಗೃಹಸ್ಥರಿಗೆ ಆ ಭಾಗ್ಯ ಬಂದುದು ತಡವಾಗಿ. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರಜಾಲವನ್ನು ತೆರೆಯಿತು. ಆಗ ಅಂಗಡಿ ಒಂದೇ. 1998ರಲ್ಲಿ ಖಾಸಗಿಯವರಿಗೂ ಅನುಮತಿ ದೊರೆಯಿತು; ಅಂಗಡಿಗಳು ಹಲವಾದುವು. 2004ರಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಅದಕ್ಕೆ ಬ್ರಾಡ್‌ಬ್ಯಾಂಡ್ ಎಂಬ ಬಿರುದು ಸಲ್ಲುತ್ತಿತ್ತು. 2013ರಲ್ಲಿ 512 ಬೇಕಾಯಿತು. 2023ರಲ್ಲಿ ಕನಿಷ್ಠ 2 ಮೆಗಾಬಿಟ್ ಎಂದು ಸರ್ಕಾರವು ಗೊತ್ತುಮಾಡಿತು. ಕಂಪನಿಗಳಾದರೋ 100, 200, 300 ಎಂದು ಫಲಕಗಳಲ್ಲಿ ಬರೆಯಿಸುವುವು.

ನಿವೃತ್ತನಾದ ಮೇಲೆ ನಾನು ಹಲಸೂರಿನ ನನ್ನ ಮನೆಯಲ್ಲಿ ಕುಳಿತು ಸಂಜೆ ಏಳು ಗಂಟೆಗೆ ವೀಡಿಯೋ ಮೂಲಕ ಒಂಬತ್ತು ಮಂದಿಗೆ ಸಂಸ್ಕೃತ ಪಾಠ ಹೇಳುತ್ತೇನೆ. ಅವರಲ್ಲಿ ಕಾಸರಗೋಡಿನ ಕಡೆಯ ಒಬ್ಬ ಗೃಹಿಣಿ ಇದ್ದಾರೆ. ಎಳೆತನದಲ್ಲಿ ನಿಂತುಹೋದ ಓದನ್ನು, ಮಕ್ಕಳು ದೊಡ್ಡವರಾದ ಮೇಲೆ, ಅಡಿಗೆಯ ಮನೆಯ ಮೂಲೆಯಲ್ಲಿ ಮೊಬೈಲನ್ನು ಡಬ್ಬಿಗೆ ಒರಗಿಸಿಟ್ಟು ಮುಂದುವರಿಸಿದವರು. ಪರೀಕ್ಷೆಗೆ ಎರಡೂವರೆ ತಿಂಗಳಿತ್ತು, ಪಠ್ಯ ಮೇಘದೂತ. ಅದರ ವೃತ್ತವಾದ ಮಂದಾಕ್ರಾಂತದಲ್ಲಿ ನಾಲ್ಕು, ಆರು, ಏಳು ಅಕ್ಷರಗಳಿಗೆ ಯತಿ. ನನಗೆ ಅಂತರಜಾಲ ಒದಗಿಸುತ್ತಿದ್ದ ಕಂಪನಿಯವರು ಪ್ರತಿ ಪಾದದಲ್ಲಿಯೂ ತಮ್ಮದೊಂದು ಯತಿಯನ್ನು ಸೇರಿಸತೊಡಗಿದರು. “ಮಾಷ್ಟ್ರೇ, ನಿಮ್ಮ ಸ್ವರ ಕೇಳುವುದಿಲ್ಲ” ಎಂದು ಆಕೆ ಹೇಳುವಷ್ಟರಲ್ಲಿ ಆಕೆಯ ಮುಖವೂ ಕಲ್ಲಿನ ವಿಗ್ರಹದಂತೆ ನಿಂತುಬಿಡುವುದು. ಒಂಬತ್ತು ಮಂದಿಯಲ್ಲಿ ಇಬ್ಬರು ವಿನಯದಿಂದ ಬಿಟ್ಟುಹೋದರು. ಈಕೆ ಬಿಡಲಿಲ್ಲ. ಅದೇ ನನಗೆ ಹೆಚ್ಚು ಸಂಕಟವಾಯಿತು.

ಕಂಪನಿಗೆ ದೂರು ಕೊಟ್ಟರೆ ಮಧ್ಯಾಹ್ನ ಹನ್ನೊಂದಕ್ಕೆ ಹುಡುಗನೊಬ್ಬ ಬಂದು ವೇಗವನ್ನು ಅಳೆದು, “ನೋಡಿ ಸಾರ್, ನೂರಕ್ಕೆ ತೊಂಬತ್ತೆಂಟು ಬರುತ್ತಿದೆ” ಎನ್ನುವನು. ನಮ್ಮ ಶಾಸ್ತ್ರದಲ್ಲಿ ಸ್ಥಾಲೀಪುಲಾಕ ನ್ಯಾಯವೆಂದಿದೆ: ಪಾತ್ರೆಯ ಒಂದು ಅಗುಳನ್ನು ಹಿಸುಕಿ ನೋಡಿದರೆ ಅನ್ನವೆಲ್ಲ ಬೆಂದಿದೆಯೋ ಇಲ್ಲವೋ ತಿಳಿಯುವುದು. ಈ ನ್ಯಾಯವು ಅನ್ನಕ್ಕೆ ಸಲ್ಲುವುದೇ ಹೊರತು ಅಂತರಜಾಲಕ್ಕೆ ಸುತರಾಂ ಸಲ್ಲದು. ಏಕೆಂದರೆ, ಇಂದಿನ ಫೈಬರ್ ವ್ಯವಸ್ಥೆಯಲ್ಲಿ ಕಂಪನಿಯ ಕೇಂದ್ರದಿಂದ ಹೊರಟ ಒಂದು ಗಾಜಿನ ತಂತುವು ಬೀದಿಯಲ್ಲಿ ಕವಲೊಡೆದು ಮೂವತ್ತೆರಡು ಅಥವಾ ಅರವತ್ತನಾಲ್ಕು ಮನೆಗಳಿಗೆ ಹಂಚಿಹೋಗುವುದುಂಟು. ಆ ಕೇಂದ್ರದಿಂದ ಆಚೆಗಿನ ದಾರಿಯನ್ನೂ ಕಂಪನಿಯು ಅಗಲವಾಗಿ ಕೊಂಡಿರಬೇಕು. ಹನ್ನೊಂದು ಗಂಟೆಗೆ ಎಲ್ಲರೂ ಕೆಲಸಕ್ಕೆ ಹೋಗಿರುವರು; ಸಂಜೆ ಏಳಕ್ಕೆ ಎಲ್ಲರ ಮನೆಯಲ್ಲಿಯೂ ಸಿನಿಮಾ. ಆದುದರಿಂದ ಅಗುಳನ್ನು ಮುಟ್ಟುವುದಾದರೆ ಸಂಜೆಯೇ ಮುಟ್ಟಬೇಕು, ಒಂದು ವಾರ ಮುಟ್ಟಬೇಕು.

ಹಾಗೆಂದು ಎಲ್ಲ ದೋಷವನ್ನೂ ಕಂಪನಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಮನೆಯೊಳಗಿನ ವೈಫೈಗೆ ಹಳೆಯ ದಪ್ಪ ಗೋಡೆಗಳೂ ಉಕ್ಕಿನ ಬೀರುವೂ ಶತ್ರುಗಳು. ನಾನು ರೌಟರಿನಿಂದ ಲ್ಯಾಪ್‌ಟಾಪಿಗೆ ನೇರವಾಗಿ ತಂತಿ ಜೋಡಿಸಿ ಏಳು ದಿನ ಬೆಳಿಗ್ಗೆ, ಸಂಜೆ, ರಾತ್ರಿ ವೇಗವನ್ನು ಅಳೆದು ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟೆ. ಬೆಳಿಗ್ಗೆ 90ರ ಮೇಲೆ; ಸಂಜೆ 4, 6, ಒಮ್ಮೊಮ್ಮೆ 1. ವಾರಕ್ಕೆ ಎರಡು ಸಲವಾದರೂ ಪೆಟ್ಟಿಗೆಯ ಮೇಲಿನ ಎಲ್‌ಓಎಸ್ ಎಂಬ ದೀಪ ಕೆಂಪಾಗಿ ಮಿಟುಕುವುದು. ತಂತುವಿನಲ್ಲಿ ಬೆಳಕು ಮನೆಯವರೆಗೆ ತಲಪುತ್ತಿಲ್ಲವೆಂದು ಅದರ ಅರ್ಥ. ಗೃಹಿಣಿಯರು ಇನ್ನೊಂದು ಮಾತನ್ನೂ ತಿಳಿದಿರಬೇಕು. ಕಂಪನಿಯವರು ಹೇಳುವುದು ಬಿಟ್ಟುಗಳ ಲೆಕ್ಕ. ಫೋನಿನಲ್ಲಿ ಚಿತ್ರದ ಗಾತ್ರ ಕಾಣುವುದು ಬೈಟುಗಳಲ್ಲಿ. ಎಂಟು ಬಿಟ್ಟಿಗೆ ಒಂದು ಬೈಟು. ನೂರು ಮೆಗಾಬಿಟ್ಟಿನ ಸಂಪರ್ಕದಲ್ಲಿ ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟಿಗಿಂತ ಹೆಚ್ಚು ಇಳಿಯದು. ಇದು ಮೋಸವಲ್ಲ, ಪಾವಿನಲ್ಲಿ ಹೇಳಿ ಸೇರಿನಲ್ಲಿ ಅಳೆದಂತೆ, ಅಷ್ಟೆ.

ಹೀಗಿರಲು ಮತ್ತೊಂದು ಕಂಪನಿಯ ಜಾಹೀರಾತು ಬಾಗಿಲಿಗೆ ಬಂದಿತು. ತಿಂಗಳಿಗೆ ನೂರು ರೂಪಾಯಿ ಕಡಮೆ, ವೇಗ ಎರಡರಷ್ಟು. ಅದನ್ನು ಜೇಬಿನಲ್ಲಿಟ್ಟುಕೊಂಡೇ ಶನಿವಾರ ಮಾರುಕಟ್ಟೆಗೆ ಹೋದೆ. ಅಲ್ಲಿ ನಾನು ಬಹುಕಾಲದಿಂದ ಹಣ್ಣು ಕೊಳ್ಳುವ ಸಾಹೇಬರೊಬ್ಬರಿದ್ದಾರೆ. ಅವರ ಅಂಗಡಿಯಲ್ಲಿ ಹಣ ಬಂದುದನ್ನು ಕೂಗಿ ಹೇಳುವ ಸಣ್ಣ ಪೆಟ್ಟಿಗೆಯೊಂದು ಅಂದು ಮೌನವ್ರತ ಹಿಡಿದಿತ್ತು. ಅವರು ಮಾತ್ರ ಗಾಬರಿಗೊಳ್ಳದೆ ಮೊಬೈಲಿನಲ್ಲಿ ನೋಡಿ, “ಬಂತು ಸ್ವಾಮಿ” ಎಂದರು. ಪೆಟ್ಟಿಗೆಗೆ ಒಂದು ಕಂಪನಿ, ಮೊಬೈಲಿಗೆ ಇನ್ನೊಂದು. ಒಂದು ಮಲಗಿದರೆ ಇನ್ನೊಂದು ಎಚ್ಚರವಾಗಿರುವುದಂತೆ. ನಾನು ಜಾಹೀರಾತನ್ನು ತೋರಿಸಿ ನನ್ನ ಕಷ್ಟವನ್ನು ಹೇಳಿದೆ.

ಅವರು ಎದುರಿನ ಅಂಗಡಿಯತ್ತ ಗಲ್ಲವನ್ನೆತ್ತಿ ತೋರಿಸಿದರು. “ನಮ್ಮ ದಾಳಿಂಬೆ ಸರಿಯಿಲ್ಲ ಅಂತ ಅಲ್ಲಿಗೆ ಹೋಗುತ್ತಾರೆ, ಮೇಷ್ಟ್ರೇ. ಅವನ ದಾಳಿಂಬೆ ಸರಿಯಿಲ್ಲ ಅಂತ ಇಲ್ಲಿಗೆ ಬರುತ್ತಾರೆ. ಬೆಳಿಗ್ಗೆ ಇಬ್ಬರೂ ಒಂದೇ ಲಾರಿಯಿಂದ ಇಳಿಸಿಕೊಂಡದ್ದು. ಅಂಗಡಿ ಬದಲಾಯಿಸುವ ಮುಂಚೆ ಲಾರಿ ಯಾವುದು ಅಂತ ಕೇಳಬೇಕು.”

ಅಂದು ಸಂಜೆಯೇ ನಮ್ಮ ಗಲ್ಲಿಯಲ್ಲಿ ತಲೆಯೆತ್ತಿಕೊಂಡು ನಡೆದೆ. ಬೆಂಗಳೂರಿನ ಹಳೆಯ ಬೀದಿಗಳಲ್ಲಿ ಕಂಬದಿಂದ ಮರಕ್ಕೆ, ಮರದಿಂದ ತಾರಸಿಗೆ ಜೋಲುವ ಕಪ್ಪು ತಂತಿಗಳನ್ನು ಯಾರು ಕಂಡಿಲ್ಲ? ನನ್ನ ಮನೆಯ ತಂತಿಯನ್ನು ಕಣ್ಣಿನಿಂದ ಹಿಂಬಾಲಿಸಿದರೆ ಅದು ಮೂಲೆಯ ಕಂಬದ ಮೇಲಿನ ಪೆಟ್ಟಿಗೆಗೆ ಹೋಗುತ್ತಿತ್ತು. ನೆರೆಯ ಎಂಟು ಮನೆಗಳಲ್ಲಿ ವಿಚಾರಿಸಿದೆ. ಜಾಹೀರಾತಿನ ಕಂಪನಿಯನ್ನು ಹಿಡಿದಿದ್ದ ಮೂರು ಮನೆಗಳ ತಂತಿಗಳೂ ಅದೇ ಪೆಟ್ಟಿಗೆಯಿಂದ ಬಂದುವಾಗಿದ್ದುವು. ಬಡಾವಣೆಯ ಕೇಬಲ್ ವ್ಯಾಪಾರಿ ಒಬ್ಬನೇ. ಅವನು ಎರಡು ಕಂಪನಿಗಳಿಗೂ ಏಜೆಂಟ್. ಹೆಸರು ಎರಡು, ಲಾರಿ ಒಂದು! ಹಿಂದಿನ ಬೀದಿಯ ದರ್ಜಿಯವರ ಮನೆಗೆ ಮಾತ್ರ ಮೂರನೆಯ ಕಂಪನಿಯ ತಂತಿ ಬೇರೆ ದಿಕ್ಕಿನಿಂದ ಬಂದಿತ್ತು. ಅದು ಅಗ್ಗವಲ್ಲ. ಆದರೆ ಅವರ ಮಗಳು ರಾತ್ರಿಯೆಲ್ಲ ಮನೆಯಿಂದಲೇ ಕಚೇರಿಯ ಕೆಲಸ ಮಾಡುವಳೆಂದು ತಿಳಿದ ಮೇಲೆ ನನಗೆ ಬೇರೆ ಪ್ರಮಾಣ ಬೇಕಾಗಲಿಲ್ಲ. ಅನುಮತಿ ಪಡೆದು ಅವರ ಜಗಲಿಯಲ್ಲಿ ಕುಳಿತು ಸಂಜೆ ಏಳೂವರೆಗೆ ವೇಗ ಅಳೆದೆ: 87.

ಮೊಬೈಲಿಗಾದರೆ 2011ರ ಜನವರಿಯಿಂದ ದೇಶದಾದ್ಯಂತ ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿಯನ್ನು ಬದಲಿಸುವ ಸೌಲಭ್ಯ ಉಂಟು. ಮನೆಯ ತಂತಿಗೆ ಅಂತಹ ಸೌಲಭ್ಯವಿಲ್ಲ. ಹೊಸದನ್ನು ಎಳೆಯಿಸಬೇಕು, ಹಳೆಯದನ್ನು ಬಿಡಿಸಬೇಕು. ಬಿಡಿಸುವ ಮೊದಲು ಹೊಸದನ್ನು ಒಂದು ವಾರ ನಡೆಸಿ ನೋಡುವುದು ಕ್ಷೇಮ. ಆರು ತಿಂಗಳ ಹಣವನ್ನು ಮುಂಗಡವಾಗಿ ಕೊಟ್ಟರೆ ರಿಯಾಯಿತಿ ಎಂಬ ಮಾತಿಗೆ ಮೊದಲ ತಿಂಗಳೇ ಮರುಳಾಗಬಾರದು. ನಡೆದು ಹೋಗುವ ಸ್ವಾತಂತ್ರ್ಯವನ್ನು ಮಾರಿ ಕೊಂಡ ರಿಯಾಯಿತಿ ಅದು.

ಹಳೆಯ ಕಂಪನಿಯವರು ಮುಂಗಡದಲ್ಲಿ ಉಳಿದ ಹಣವನ್ನು ಹಿಂದಿರುಗಿಸಲು ಮೀನಮೇಷ ಎಣಿಸಿದರು. ಇಂತಹ ಸಂದರ್ಭದಲ್ಲಿ ಬಾಯಿಮಾತಿನ ದೂರಿಗೆ ಬೆಲೆಯಿಲ್ಲ. ದೂರು ಕೊಟ್ಟೊಡನೆ ಡಾಕೆಟ್ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳತಕ್ಕದ್ದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2012ರಲ್ಲಿ ಮಾಡಿದ ನಿಯಮದಂತೆ ದೂರಿಗೆ ಸಮಾಧಾನ ದೊರೆಯದಿದ್ದರೆ 30 ದಿನಗಳೊಳಗಾಗಿ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯಬಹುದು, ಅದಕ್ಕೆ ಶುಲ್ಕವಿಲ್ಲ. ಅಲ್ಲಿಯೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಉಂಟು. ಗ್ರಾಹಕರ ವ್ಯಾಜ್ಯಗಳ ಆಯೋಗವೂ ಉಂಟು. ದೂರಸಂಪರ್ಕದ ತಕರಾರುಗಳನ್ನು ಆ ಆಯೋಗಗಳು ವಿಚಾರಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ತೀರ್ಪಿತ್ತಿದೆ. ನಾನು ಏಳು ದಿನಗಳ ಲೆಕ್ಕದ ಪುಟವನ್ನು ಫೋಟೋ ತೆಗೆದು ಮೇಲ್ಮನವಿಗೆ ಲಗತ್ತಿಸಿದೆ. ಹಣ ಬಂದಿತು. ಅವರ ಪೆಟ್ಟಿಗೆಯನ್ನು ಹಿಂದಿರುಗಿಸಿ ರಶೀದಿ ಪಡೆದೆ. ವಾಚಕರು ಆ ರಶೀದಿಯನ್ನು ಬಿಡದೆ ಕೇಳಬೇಕು.

ಹೊಸ ತಂತಿ ಬಂದ ವಾರ ಪರೀಕ್ಷೆಗೆ ಮೂವತ್ತಾರು ದಿನಗಳು ಉಳಿದಿದ್ದುವು. ಕಾಸರಗೋಡಿನ ಆಕೆ ಬಿಟ್ಟುಹೋದ ಶ್ಲೋಕಗಳ ಪಟ್ಟಿಯನ್ನು ಕ್ರಮವಾಗಿ ಬರೆದಿಟ್ಟುಕೊಂಡಿದ್ದರು. ಭಾನುವಾರಗಳಂದು ಹೆಚ್ಚಿನ ಪಾಠ ನಡೆಸಿ ಅವನ್ನು ಮುಗಿಸಿದೆವು. ಬಿಟ್ಟುಹೋದ ಇಬ್ಬರಲ್ಲಿ ಒಬ್ಬರು ಮರಳಿ ಬಂದರು. ಪರೀಕ್ಷೆಯ ಹಿಂದಿನ ಸಂಜೆ ಆಕೆ ಪೂರ್ವಮೇಘದ ಹತ್ತು ಶ್ಲೋಕಗಳನ್ನು ಪುಸ್ತಕ ನೋಡದೆ ಒಪ್ಪಿಸಿದರು. ಯತಿಗಳೆಲ್ಲವೂ ಕಾಳಿದಾಸನು ಇಟ್ಟ ಸ್ಥಳದಲ್ಲಿಯೇ ಇದ್ದುವು.

ಹಳೆಯ ತಂತಿ ಮಾತ್ರ ಇನ್ನೂ ನಮ್ಮ ತಾರಸಿಯಿಂದ ಮೂಲೆಯ ಕಂಬಕ್ಕೆ ಜೋಲುತ್ತಿದೆ. ಅದನ್ನು ಬಿಚ್ಚುವುದು ಯಾರ ಕೆಲಸವೆಂದು ಕೇಳಿದರೆ ಕಂಪನಿಯವರು ಏಜೆಂಟನನ್ನು ತೋರಿಸುತ್ತಾರೆ, ಏಜೆಂಟನು ಕಂಪನಿಯನ್ನು ತೋರಿಸುತ್ತಾನೆ.