ಬೆಟ್ಟವೂ ನಾಡಿಯೂ

ಕಳೆದ ಮಳೆಗಾಲದಲ್ಲಿ ವಿಷಮಶೀತಜ್ವರದಿಂದ ಮೂರು ವಾರ ಮಲಗಿ ಎದ್ದ ಮೇಲೆ, ನನ್ನ ಮೈಯಲ್ಲಿ ಎಷ್ಟು ತ್ರಾಣ ಉಳಿದಿದೆಯೆಂಬ ವಿಷಯದಲ್ಲಿ ನನಗೂ ನನ್ನ ಹೆಂಡತಿಗೂ ಭಿನ್ನಾಭಿಪ್ರಾಯವುಂಟಾಯಿತು. ನನ್ನ ಪಕ್ಷಕ್ಕೆ ಆಧಾರ ನನ್ನ ಮನಸ್ಸು. ಆಕೆಯ ಪಕ್ಷಕ್ಕೆ ಆಧಾರ ನನ್ನ ಮುಖ. ಎರಡು ತಿಂಗಳಾದ ಬಳಿಕ ಮೆಲ್ಲಗೆ ಬೈಸಿಕಲ್ಲು ತುಳಿಯಬಹುದೆಂದು ವೈದ್ಯರು ಅಪ್ಪಣೆ ಕೊಟ್ಟಿದ್ದರು. ಆದರೆ ಐವತ್ತೆಂಟು ವರುಷದವನಿಗೆ ಮೆಲ್ಲಗೆ ಎಂದರೆ ಎಷ್ಟು, ಜೋರು ಎಂದರೆ ಎಷ್ಟು ಎಂಬುದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಮ್ಮ ಬೀದಿಯ ತರುಣರೊಬ್ಬರು ಈ ವ್ಯಾಜ್ಯಕ್ಕೆ ತೀರ್ಪು ಹೇಳಬಲ್ಲ ಯಂತ್ರವೊಂದುಂಟೆಂದರು. ಅದಕ್ಕೆ ಪವರ್ ಮೀಟರು ಎಂದು ಹೆಸರು. ಜರ್ಮನಿಯ ಉಲ್ರಿಚ್ ಶೋಬೆರರ್ ಎಂಬ ಎಂಜಿನಿಯರು 1986ರಲ್ಲಿ ಇದರ ತಯಾರಿಕೆಗೆ ತೊಡಗಿದರು. ನಾವು ತುಳಿಯುವಾಗ ಪೆಡಲಿನ ಒತ್ತಡವನ್ನು ಹೊರುವ ಲೋಹದ ಭಾಗವು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆ ಬಾಗುವಿಕೆಯಿಂದ ಬಲವನ್ನು ತಿಳಿದು, ಅದನ್ನು ಸುತ್ತುವ ವೇಗದೊಡನೆ ಗುಣಿಸಿದರೆ ಕಾಲಿನ ಶಕ್ತಿಯು ವ್ಯಾಟುಗಳಲ್ಲಿ ದೊರೆಯುತ್ತದೆ. ಯುಕ್ತಿಯು ಬಹು ಸೊಗಸಾದುದು. ಆದರೆ ಅದರ ಬೆಲೆ ನನ್ನ ಬೈಸಿಕಲ್ಲಿನ ಬೆಲೆಗಿಂತ ಹೆಚ್ಚು. ಕುದುರೆಗಿಂತ ಲಗಾಮು ದುಬಾರಿಯಾದಾಗ ಗೃಹಸ್ಥನಾದವನು ಸ್ವಲ್ಪ ಯೋಚಿಸಬೇಕಾಗುತ್ತದೆ.

ಯೋಚಿಸಿದಾಗ ಹೊಳೆದದ್ದು, ಮೈಸೂರಿನಲ್ಲಿರುವವರಿಗೆ ಇಂತಹ ಮಾಪಕವೊಂದು ಬಿಟ್ಟಿಯಾಗಿಯೇ ನಿಂತಿದೆಯೆಂಬುದು. ಚಾಮುಂಡಿಬೆಟ್ಟವನ್ನು ನಾನು ಎಂಟು ವರುಷಗಳಿಂದ ಹತ್ತುತ್ತಿದ್ದೇನೆ. ಅದನ್ನು ಅಳತೆಗೋಲೆಂದು ಮಾತ್ರ ಎಣಿಸಿರಲಿಲ್ಲ. ನಕ್ಷೆಯಲ್ಲಿ ಎತ್ತರದ ಗೆರೆಗಳನ್ನು ನೋಡಿ, ಸರಿಸುಮಾರು 200 ಮೀಟರು ಏರುವ, ನಾಲ್ಕು ಕಿಲೋಮೀಟರಿನಷ್ಟು ದಾರಿಯನ್ನು ಆರಿಸಿಕೊಂಡೆನು. ಬುಡದಲ್ಲಿ ಒಂದು ಮರ, ಮೇಲೆ ಒಂದು ಕಲ್ಲು ಗುರುತು. ನಾನೂ ಬೈಸಿಕಲ್ಲೂ ನೀರಿನ ಸೀಸೆಯೂ ಕೂಡಿ 80 ಕಿಲೋಗ್ರಾಂ ತೂಗುತ್ತೇವೆ. ಈ ತೂಕವನ್ನು ಭೂಮಿಯ ಆಕರ್ಷಣೆಯ ಅಂಕಿಯಾದ 9.8ರಿಂದಲೂ ಎತ್ತರದಿಂದಲೂ ಗುಣಿಸಿದರೆ 1,56,800 ಜೂಲು ಕೆಲಸವಾಯಿತು. ಇದನ್ನು ಇಪ್ಪತ್ತು ನಿಮಿಷದ 1,200 ಸೆಕೆಂಡುಗಳಿಂದ ಭಾಗಿಸಿದರೆ 131 ವ್ಯಾಟು. ಗಾಳಿಗೂ ಟೈರಿನ ಉಜ್ಜುವಿಕೆಗೂ ಸಲ್ಲುವ ತೆರಿಗೆಯೆಂದು ಇದರ ಐದನೆಯ ಒಂದು ಪಾಲನ್ನು ಮೇಲೆ ಸೇರಿಸಿಕೊಳ್ಳಬಹುದು. ಮೆಟ್ಟಿಲುಗಳ ದಾರಿಯಲ್ಲಿ ಹತ್ತುವ ಭಕ್ತರೂ ಈ ಲೆಕ್ಕವನ್ನು ತಮ್ಮ ಮೈತೂಕದಿಂದ ಮಾಡಿಕೊಳ್ಳಬಹುದು, ಪುಣ್ಯವೇನೂ ಕಡಮೆಯಾಗದು.

ಬಯಲಿನ ರಸ್ತೆಯಲ್ಲಿ ಹೀಗೆ ಕಾಲ ನೋಡಿ ಪ್ರಯೋಜನವಿಲ್ಲ. ಅಲ್ಲಿ ನಮ್ಮ ಶತ್ರು ಗಾಳಿ. ವೇಗವು ಎರಡರಷ್ಟಾದರೆ ಗಾಳಿಗೆ ತೆರಬೇಕಾದ ಶಕ್ತಿ ಎಂಟರಷ್ಟಾಗುತ್ತದೆ; ಬೆನ್ನಿಗೆ ತುಸು ಗಾಳಿ ಬೀಸಿದರೂ ಮುದುಕನು ಜಟ್ಟಿಯಾಗುತ್ತಾನೆ. ಏರಿನಲ್ಲಾದರೋ ವೇಗ ಕಡಮೆ, ಗಾಳಿಯ ಆಟ ಕಡಮೆ. ತೂಕದ ಲೆಕ್ಕವೇ ಮುಖ್ಯ. ಆದರೂ ಟೈರಿನ ಗಾಳಿ, ಹೊತ್ತ ಸಾಮಾನು, ಹೊರಡುವ ಹೊತ್ತು ಇವು ಪ್ರತಿಸಲವೂ ಒಂದೇ ಆಗಿರಬೇಕು. ಅಳತೆಯು ಹತ್ತು ವ್ಯಾಟು ತಪ್ಪಿದರೆ ನನಗೆ ಚಿಂತೆಯಿಲ್ಲ. ಪ್ರತಿವಾರವೂ ಅದೇ ಹತ್ತು ತಪ್ಪಿದರೆ ಸಾಕು. ನಾನು ಹೋಲಿಸುವುದು ನನ್ನನ್ನು ನನ್ನೊಡನೆ.

ಜ್ವರಕ್ಕೆ ಮೊದಲು ಈ ದಾರಿ ನನಗೆ ಇಪ್ಪತ್ತು ನಿಮಿಷದ್ದಾಗಿದ್ದಿತು. ಜ್ವರದ ತರುವಾಯ ಮೊದಲ ಸಲ ಗಡಿಯಾರವು 26 ನಿಮಿಷ ತೋರಿಸಿತು. ನನ್ನ ಮನಸ್ಸಿನ ಪಕ್ಷವು ಸೋತಿತು. ನೋಟುಬುಕ್ಕೊಂದನ್ನು ತೆರೆದು ಅಂದಿನಿಂದ ಬರೆದಿಡತೊಡಗಿದೆನು.

ಗಡಿಯಾರವು ಹೇಳುವುದು ಮಾಡಿದ ಕೆಲಸವನ್ನು ಮಾತ್ರ. ಅದಕ್ಕೆ ಮೈ ತೆತ್ತ ಬೆಲೆಯನ್ನು ಹೇಳಬೇಕಾದುದು ನಾಡಿ. ಮೇಲೆ ತಲಪಿದೊಡನೆ ಕೊರಳಿನಲ್ಲಿ ಬೆರಳಿಟ್ಟು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವೆನು. ಬೆಳಗ್ಗೆ ಹಾಸಿಗೆಯಿಂದ ಏಳುವ ಮೊದಲು ಒಂದು ನಿಮಿಷ ಪೂರ್ತಿಯಾಗಿ ಎಣಿಸುವೆನು. 220ರಿಂದ ವಯಸ್ಸನ್ನು ಕಳೆದರೆ ನಾಡಿಯ ಮೇಲ್ಮಿತಿ ಬರುವುದೆಂದು ಎಲ್ಲರೂ ಹೇಳುವುದುಂಟು. ಇದು ಗುಂಪಿನ ಸರಾಸರಿಗೆ ಹೊಂದೀತು. ಅದರಿಂದ ಹತ್ತು ಹನ್ನೆರಡು ಬಡಿತ ಆಚೀಚೆ ಇರುವವರು ಬಹುಮಂದಿ. ಆ ಅಂಕಿಯನ್ನು ನಂಬಿ ಹೆದರುವುದೂ ಬೀಗುವುದೂ ಒಂದೇ ಬಗೆಯ ತಪ್ಪು.

ಇನ್ನು ಆಯಾಸದ ಅಳತೆ. ಸ್ವೀಡನ್ ದೇಶದ ಗುನ್ನಾರ್ ಬೋರ್ಗ್ ಎಂಬ ಮನಶ್ಶಾಸ್ತ್ರಜ್ಞರು ಇದಕ್ಕೆ 6ರಿಂದ 20ರವರೆಗಿನ ಮಾನವೊಂದನ್ನು ಮಾಡಿದರು. ಆರರಿಂದ ಏಕೆ ಮೊದಲಾಗಬೇಕೆಂದು ನಾನು ತಲೆಕೆಡಿಸಿಕೊಂಡಿದ್ದೆನು. ಆ ಅಂಕಿಗೆ ಒಂದು ಸೊನ್ನೆ ಸೇರಿಸಿದರೆ ಸುಮಾರಾಗಿ ಆಗಿನ ನಾಡಿ ಬರಬೇಕೆಂಬುದೇ ಅದರ ಗುಟ್ಟು. ನನಗೆ ಅಂತಹ ಅಂಕಿಗಳು ಏರಿನಲ್ಲಿ ನೆನಪಾಗುವುದಿಲ್ಲವಾದ ಕಾರಣ ಹದಿಮೂರರ ಮಗ್ಗಿಯನ್ನು ಗಟ್ಟಿಯಾಗಿ ಹೇಳುವೆನು. ಉಸಿರು ಕಡಿಯದೆ ಹತ್ತರವರೆಗೆ ಹೋದರೆ ಇನ್ನೂ ಮೈಯಲ್ಲಿ ಉಳಿತಾಯವಿದೆ. ಸಾಲಿಗೊಂದು ಸಲ ನಿಲ್ಲಬೇಕಾದರೆ ಸಾಲ ಮಾಡುತ್ತಿದ್ದೇನೆಂದು ಅರ್ಥ. ಎದುರಿಗೆ ಬರುವವರು ನನ್ನನ್ನು ವಿಚಿತ್ರವಾಗಿ ನೋಡುವುದುಂಟು.

ಇಷ್ಟೆಲ್ಲವನ್ನು ಕಲಿತವನೇ ತಪ್ಪಿದೆನು. ಕಾರ್ತಿಕಮಾಸದ ಹೊತ್ತಿಗೆ ಕಾಲವು 22 ನಿಮಿಷಕ್ಕೆ ಇಳಿದಿದ್ದಿತು. ಮೇಲೆ ತಲಪಿದಾಗಿನ ನಾಡಿ 152. ಮುಂದಿನ ವಾರ ಹತ್ತುವುದಕ್ಕೆ ಮೊದಲಿನ ಮೂರು ಬೆಳಗ್ಗೆ, ಎಂದೂ 58ರಷ್ಟಿರುತ್ತಿದ್ದ ನನ್ನ ನಾಡಿ 64, 67, 70 ಎಂದು ಏರಿತು. ನಾನೇ ಎಣಿಸಿ ನಾನೇ ಬರೆದೆನು. ಹೆಂಡತಿಯು ಆ ಸಾಲುಗಳನ್ನು ನೋಡಿ, "ಈ ದಿನ ಬೇಡ" ಎಂದಳು. ಬೆರಳು ತಪ್ಪಿರಬೇಕು, ರಾತ್ರಿಯ ಸೆಕೆಯಿರಬೇಕು ಎಂದು ನಾನು ವಾದಿಸಿದೆನು. ಬೇಡವಾದ ಅಂಕಿಗೆ ನಮ್ಮಲ್ಲಿ ಕಾರಣಗಳಿಗೆ ಎಂದೂ ಬರವಿಲ್ಲ.

ಬೆಟ್ಟ ಹತ್ತಿದೆನು. ಗಡಿಯಾರವು ಅದೇ 22 ನಿಮಿಷ ತೋರಿಸಿತು. ಮಗ್ಗಿಯು ಹದಿಮೂರಾರಲ ಎಪ್ಪತ್ತೆಂಟಕ್ಕೇ ನಿಂತುಹೋಗಿದ್ದಿತು, ನಾಡಿ 168. ಆದರೂ ನಾನು ಗಡಿಯಾರವನ್ನೇ ನೋಡಿ ತೃಪ್ತನಾಗಿ ಇಳಿದು ಬಂದೆನು. ಆ ಸಂಜೆಯೇ ಚಳಿ ಹಿಡಿಯಿತು. ಈ ಸಲ ಬಂದದ್ದು ಬೇರೊಂದು ಜ್ವರವೆಂದು ವೈದ್ಯರು ಹೇಳಿದರು. ಅದು ಮೈಯಲ್ಲಿ ಹೊಗೆಯಾಡುತ್ತಿದ್ದಾಗ ಅಷ್ಟು ದುಡಿದುದಕ್ಕಾಗಿ ಗದರಿದರು. ಮತ್ತೆ ಹದಿನೆಂಟು ದಿನ ಹಾಸಿಗೆ. ಹೆಂಡತಿಯು ಒಂದು ಮಾತನ್ನೂ ಆಡಲಿಲ್ಲ. ನೋಟುಬುಕ್ಕನ್ನು ಮಾತ್ರ ದಿಂಬಿನ ಪಕ್ಕದಲ್ಲಿ, ಆ ಪುಟ ತೆರೆದಂತೆಯೇ ಇಟ್ಟಿದ್ದಳು.

ಈಗ ಮತ್ತೆ ಹತ್ತುತ್ತಿದ್ದೇನೆ. ಈ ವಾರದ ಸಾಲಿನಲ್ಲಿ 23 ನಿಮಿಷ 10 ಸೆಕೆಂಡು, ನಾಡಿ 148, ಮಗ್ಗಿ ಪೂರ್ತಿ ಎಂದಿದೆ. ಇಪ್ಪತ್ತು ನಿಮಿಷವು ಮರಳಿ ಬಂದೀತೆ, ಅದನ್ನು ಜ್ವರ ಕೊಂಡುಹೋಯಿತೆ, ವಯಸ್ಸು ಕೊಂಡುಹೋಯಿತೆ ಎಂಬುದನ್ನು ಈ ಪುಸ್ತಕವು ಇನ್ನೊಂದು ವರುಷ ತುಂಬಿದ ಮೇಲೆ ಹೇಳಬೇಕು. ಬೆಳಗಿನ ನಾಡಿಯನ್ನು ಎಣಿಸಿ ಬರೆಯುವ ಕೆಲಸ ಈಗ ಹೆಂಡತಿಯದು. 64ಕ್ಕೆ ಮೇಲ್ಪಟ್ಟ ದಿನ ಆಕೆ ಬೈಸಿಕಲ್ಲಿನ ಬೀಗದಕೈಯನ್ನು ಹಾಲಿನ ಲೆಕ್ಕದ ಪುಸ್ತಕದೊಡನೆ ಬೀರುವಿನೊಳಗೆ ಇಟ್ಟುಬಿಡುತ್ತಾಳೆ.