ಹಂಚಿನ ಕೆಳಗೆ

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಅಮ್ಮಿಯ ಜಾನಮಾಜ್ ಮೂರು ಸಲ ಜಾಗ ಬದಲಿಸಿತು. ಕೊನೆಗೆ ಅಡುಗೆಮನೆಯ ಬಾಗಿಲ ಬಳಿ ನಿಂತಿತು. ಸೋರದೆ ಉಳಿದಿದ್ದ ಜಾಗ ಅದೊಂದೇ. ಮಲೆನಾಡಿನ ಮಳೆಗೆ ಅಬ್ಬಾ ಕಟ್ಟಿಸಿದ ಹಂಚಿನ ಮನೆ ಸೋತುಹೋಗಿತ್ತು.

ಹಂಚು ಕೈಯಾಡಿಸಲು ಕೇಳಿದರೆ, ಇಬ್ಬರು ಆಳು, ಮೂರು ದಿನ ಎಂದರು. ಸುಡುವ ಹಂಚಿನ ಮೇಲೆ ದಿನವಿಡೀ ಕೂರುವವರಿಗೆ ಆ ಕೂಲಿ ಹೆಚ್ಚೇನಲ್ಲ. ಆದರೆ ಮಕ್ಕಳ ಫೀಸು, ಅಮ್ಮಿಯ ಸಕ್ಕರೆ ಕಾಯಿಲೆಯ ಮಾತ್ರೆ ಕಳೆದು ನಮ್ಮಲ್ಲಿ ಉಳಿದದ್ದು ಒಂದು ದಿನದ ಕೂಲಿಗೂ ಸಾಲದು.

ನಿಜ ಹೇಳಬೇಕೆಂದರೆ, ಹಣಕ್ಕಿಂತ ಹೆಚ್ಚು ಅಡ್ಡ ಬಂದದ್ದು ನಾಚಿಕೆ. ನಮ್ಮದು ಮೇಷ್ಟರ ಮನೆ. ಪ್ರವಾದಿಯವರು(ಸ) ತಮ್ಮ ಚಪ್ಪಲಿಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರೆಂದು ಬಾಲ್ಯದಲ್ಲೇ ಓದಿದ್ದೆವು, ಕಥೆಗಳಲ್ಲೂ ಬರೆದಿದ್ದೆವು. ಒಂದು ಮೊಳೆ ಹೊಡೆಯಲು ಮಾತ್ರ ಇನ್ನೊಬ್ಬರನ್ನು ಕರೆಯುತ್ತಿದ್ದೆವು.

ಕಲಿಸಿದವರು ಬೀದಿ ಕೊನೆಯ ಮನೆಯ ಚಾಚಾ. ಒಂದು ಕಾಲಕ್ಕೆ ಊರಿನ ಅರ್ಧ ಮನೆಗಳಿಗೆ ಹಂಚು ಹೊದಿಸಿದವರು. ಈಗ ಮಂಡಿ ಕೇಳುವುದಿಲ್ಲ. ಅಂಗಳದಲ್ಲಿ ಕುರ್ಚಿ ಹಾಕಿ ಕೂತು, "ಬೇಟಾ, ನೀರು ತೊಟ್ಟಿಕ್ಕುವ ಜಾಗ ಬೇರೆ, ಹಂಚು ಒಡೆದ ಜಾಗ ಬೇರೆ" ಎಂದರು. ಒಳಬಂದ ನೀರು ಪಕ್ಕಾಸಿನ ಮೇಲೆ ಹರಿದು ಎಲ್ಲೋ ಇಳಿಯುತ್ತದೆ. ನಡುಮಧ್ಯಾಹ್ನ ಕಿಟಕಿ ಮುಚ್ಚಿ ಮೇಲೆ ನೋಡಿದೆವು. ಹಂಚು ಸರಿದಲ್ಲೆಲ್ಲ ಬೆಳಕಿನ ಚುಕ್ಕೆ! ಏಣಿಯಿಂದ ಕೈಗೆಟುಕಿದ ಕಡೆಯೆಲ್ಲ ಹಂಚಿನ ಸಾಲುಗಳಲ್ಲಿ ಸಿಕ್ಕಿದ್ದ ಹಲಸಿನ ಎಲೆ, ಪಾಚಿ ತೆಗೆದದ್ದೇ ಅರ್ಧ ಸೋರಿಕೆ ನಿಂತಿತು. ಅದಕ್ಕೆ ಒಂದು ಪೈಸೆಯೂ ಖರ್ಚಾಗಲಿಲ್ಲ.

ಎಡವಿದ್ದು ಮುಂದೆ. ಆತುರಕ್ಕೆ ಹನ್ನೆರಡು ಹೊಸ ಹಂಚು ತಂದೆವು; ಒಂದೂ ಕೂರಲಿಲ್ಲ. ಚಾಚಾ ಹಂಚು ಮಗುಚಿ ಬೆನ್ನಿನ ಮೇಲಿನ ಹೆಸರು ತೋರಿಸಿದರು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಎಷ್ಟೋ ಕಾರ್ಖಾನೆಗಳು ಹುಟ್ಟಿದವು. ಒಂದರ ಅಚ್ಚಿನ ಹಂಚು ಇನ್ನೊಂದರ ಜೊತೆ ಕಚ್ಚಿಕೊಳ್ಳುವುದಿಲ್ಲ. ಕೊನೆಗೆ ಕೆಡವಿದ ಮನೆಯೊಂದರಲ್ಲಿ ನಮ್ಮದೇ ಕಾರ್ಖಾನೆಯ ಹಳೆ ಹಂಚು ಸಿಕ್ಕಿತು, ಒಂದಕ್ಕೆ ಹತ್ತು ರೂಪಾಯಿ. ಅಟ್ಟದ ಮೇಲೆ ನಿಂತು ಮೇಲಿನ ಹಂಚನ್ನು ಅಂಗೈಯಿಂದ ಎತ್ತಿ, ಒಡೆದದ್ದನ್ನು ಎಳೆದು, ಬೇರೆಯದನ್ನು ರೀಪಿಗೆ ಸಿಗಿಸಬೇಕು. ಮೊದಲನೆಯದಕ್ಕೆ ಒಂದು ಗಂಟೆ ಹಿಡಿಯಿತು. ಎದುರುಮನೆಯವರು, "ಏನು ಮೇಷ್ಟರ ಮನೆಯವರು ಈ ಕೆಲಸಕ್ಕೂ ಇಳಿದಿರಾ?" ಎಂದು ನಕ್ಕರು. ಮರುವಾರ ಅವರೇ ಏಣಿ ಕೇಳಲು ಬಂದರು.

ಚಾಚಾ ಹಣ ಮುಟ್ಟಲಿಲ್ಲ. ಅಮ್ಮಿ ಕಳಿಸಿದ ಊಟ ಮಾತ್ರ ಬೇಡವೆನ್ನಲಿಲ್ಲ.

ಜಾನಮಾಜ್ ಹಳೆಯ ಜಾಗಕ್ಕೆ ಮರಳಿದೆ. ಪಕ್ಕದ ಮೂಲೆಯಲ್ಲಿ ಒಂದು ಪಾತ್ರೆ ಇನ್ನೂ ಇದೆ. ಅಲ್ಲಿ ರೀಪೇ ಲಡ್ಡಾಗಿದೆ. ಅದು ಬಡಗಿಯ ಕೆಲಸ, ಕೈಹಾಕಬೇಡಿ ಎಂದಿದ್ದಾರೆ ಚಾಚಾ. ನಮ್ಮ ಚೀಟಿ ಎತ್ತುವ ತನಕ ಅದು ಕಾಯಬೇಕು.